ಗೋತ್ರ ಕೇಳಿದಾಗ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ. "ಇರಾಕಿಗೆ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿದಾಗ ನಮ್ಮ ದೇಶ ಆಗಲ್ಲ ಅಂದಿತು. ನೀನು ಆಗ ಅಮೆರಿಕದಲ್ಲೇ ಇದ್ದೆ, ಈಗ ಅಲ್ಲಿನ ಪ್ರಜೆ ಬೇರೆ. ಆ ಪಾಪದಲ್ಲಿ ನಿನ್ನ ಪಾಲೂ ಇದೆಯಾ ಮಾರಾಯ?" ಅಂದೆ. ಚುಚ್ಚಬೇಕು ಅಂತ ಕೇಳಿದ್ದಲ್ಲ, ನನಗೆ ಗೊತ್ತು. ಆದರೂ ಗಂಟಲು ಕಟ್ಟಿತು. ಲೈನ್ ಸರಿಯಿಲ್ಲ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಲೈನ್ ಸರಿಯಾಗೇ ಇತ್ತು.

2003ರ ಮಾರ್ಚ್ 19. ಇಲ್ಲಿ ರಾತ್ರಿ ಹತ್ತು ದಾಟಿತ್ತು, ಬಾಗ್ದಾದ್‌ನಲ್ಲಿ ಬೆಳಗಿನ ಜಾವ. ಟಿವಿಯಲ್ಲಿ ಅಧ್ಯಕ್ಷ ಬುಷ್ ಯುದ್ಧ ಶುರುವಾಯಿತು ಅಂತ ಹೇಳಿ, ಕೊನೆಗೆ ನಮ್ಮ ದೇಶವನ್ನೂ ಅದನ್ನು ಕಾಯುವವರನ್ನೂ ದೇವರು ಹರಸಲಿ ಅಂದರು. ನಾನೂ ಹೆಂಡತಿಯೂ ಸೋಫಾದ ಮೇಲೆ ಸುಮ್ನೆ ಕೂತಿದ್ದೆವು. ಆಗ ನನಗೆ ಇಲ್ಲಿ ಮತ ಇರಲಿಲ್ಲ, ಎಚ್-1ಬಿ ಅನ್ನೋ ಕೆಲಸದ ವೀಸಾದ ಮೇಲೆ ಇದ್ದೆ. ಫೆಬ್ರವರಿ 15ರಂದು ಯುದ್ಧ ಬೇಡ ಅಂತ ಜಗತ್ತಿನ ನೂರಾರು ಊರುಗಳಲ್ಲಿ ಜನ ಬೀದಿಗಿಳಿದಿದ್ದರು. ನಾನು ಹೋಗಲಿಲ್ಲ. ವೀಸಾಕ್ಕೆ ತೊಂದರೆಯಾದೀತು ಅನ್ನೋ ಭಯ ಒಂದು. ಇನ್ನೊಂದನ್ನೂ ಹೇಳಲೇಬೇಕು. ಅದಕ್ಕೆ ಹತ್ತು ದಿನ ಮೊದಲು ವಿಶ್ವಸಂಸ್ಥೆಯಲ್ಲಿ ಇಲ್ಲಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಚಿತ್ರಗಳನ್ನು ತೋರಿಸಿ, ಇರಾಕಿನಲ್ಲಿ ಸಾಮೂಹಿಕ ನಾಶದ ಆಯುಧಗಳಿವೆ ಅಂತ ಮಾತಾಡಿದಾಗ ನಾನು ನಂಬಿದ್ದೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಜನರ ಮುಂದೆ ಸುಳ್ಳು ಹೇಳ್ತಾರಾ ಅಂದುಕೊಂಡೆ. ಅಂಥ ಆಯುಧಗಳ ದಾಸ್ತಾನು ಅಲ್ಲಿರಲಿಲ್ಲ ಅಂತ 2004ರ ಅಕ್ಟೋಬರಿನಲ್ಲಿ ಹುಡುಕಲು ಹೋದ ತಂಡವೇ ವರದಿ ಕೊಟ್ಟಿತು.

ಮತ ಇಲ್ಲದಿದ್ದರೇನು, ದುಡ್ಡು ನನ್ನದೂ ಇತ್ತಲ್ಲ. ಏಪ್ರಿಲ್ 9ಕ್ಕೆ ಬಾಗ್ದಾದ್‌ನ ಫಿರ್ದೌಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಉರುಳಿತು. ಏಪ್ರಿಲ್ 15 ಇಲ್ಲಿ ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನ. ಫಾರಂ ತುಂಬಿ, ಸಹಿ ಹಾಕಿ, ಅಂಚೆ ಡಬ್ಬಿಗೆ ಹಾಕಿ ಬಂದೆ. ಪ್ರತಿ ಸಂಬಳದಲ್ಲೂ ಮುರಿದುಕೊಂಡಿದ್ದ ದುಡ್ಡಿನಲ್ಲಿ ಎಷ್ಟು ಪಾಲು ರಸ್ತೆಗೆ ಹೋಯಿತು, ಎಷ್ಟು ಬಾಂಬಿಗೆ ಹೋಯಿತು ಅಂತ ಬಿಡಿಸಿ ಹೇಳೋರು ಯಾರು? ಬಾಗ್ದಾದ್ ನನಗೆ ದೂರದ ಊರು ಅಂತ ಅನ್ನಿಸುವುದು ಆ ದಿನಕ್ಕೆ ನಿಂತುಹೋಯಿತು.

ಪ್ರಾರ್ಥನೆ ಮಾತ್ರ ಜೋರಾಗಿಯೇ ನಡೆದಿತ್ತು. ಬಾಂಬ್ ಬೀಳುತ್ತಿರುವಾಗಲೇ, ಮಾರ್ಚ್ 27ರಂದು, ಇಲ್ಲಿನ ಕೆಳಮನೆ ವಿನಯ, ಪ್ರಾರ್ಥನೆ, ಉಪವಾಸಕ್ಕೆ ಒಂದು ದಿನ ಗೊತ್ತು ಮಾಡಿ ಅಂತ 346–49 ಮತಗಳಿಂದ ನಿರ್ಣಯ ಮಾಡಿತು. ಅತ್ತ ಇರಾಕಿನ ಬಾವುಟದ ಮೇಲೆ 1991ರಿಂದಲೇ 'ಅಲ್ಲಾಹು ಅಕ್ಬರ್' ಅಂತ ಬರೆದಿತ್ತು. ನಾವೂ ಪ್ರಾರ್ಥಿಸಿದೆವು. ನಮ್ಮ ಪಕ್ಕದ ಮನೆಯ ಹುಡುಗ ಮೀಸಲು ಪಡೆಯಲ್ಲಿದ್ದವನು, ಅವನಿಗೆ ಕರೆ ಬಂತು. ಯುದ್ಧಕ್ಕೆ ಹೋದವನು ಮರಳಿ ಬರಲಿ ಅಂತ ಅವರ ಅಂಗಳದ ಮೇಪಲ್ ಮರಕ್ಕೆ ಹಳದಿ ರಿಬ್ಬನ್ ಕಟ್ಟಿದರು. ಅವನ ತಾಯಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನಿಮ್ಮ ದೇವರಿಗೂ ಒಂದು ಮಾತು ಹೇಳಿ ಅಂದಳು. ಅವತ್ತಿನಿಂದ ನನ್ನ ಹೆಂಡತಿ ದಿನಾ ಸಂಜೆ ಅವನ ಹೆಸರಿನಲ್ಲಿ ಒಂದು ತುಪ್ಪದ ದೀಪ ಹಚ್ಚುತ್ತಿದ್ದಳು.

ಒಂದು ಭಾನುವಾರ ದೇವಸ್ಥಾನದಲ್ಲಿ ಅವನ ಹೆಸರಿಗೆ ಅರ್ಚನೆ ಮಾಡಿಸಲು ಹೋದೆ. ಭಟ್ಟರು ವಾಡಿಕೆಯಂತೆ ಗೋತ್ರ, ನಕ್ಷತ್ರ ಕೇಳಿದರು. ನಾನು ಬೆಪ್ಪಾಗಿ ನಿಂತೆ. ಒಹಾಯೊದ ಹುಡುಗನಿಗೆ ಎಲ್ಲಿಯ ಗೋತ್ರ? ಅವರು ಬೇಸರ ಮಾಡಿಕೊಳ್ಳಲಿಲ್ಲ. "ಗೊತ್ತಿಲ್ಲದಿದ್ದರೆ ಕಾಶ್ಯಪ ಗೋತ್ರ ಅಂತ ಹೇಳೋದು" ಅಂದರು. ಹೆಸರು ಎರಡು ಸಲ ಕೇಳಿಕೊಂಡು, ತಪ್ಪದೆ ಉಚ್ಚರಿಸಿ ಅರ್ಚನೆ ಮಾಡಿದರು.

ಹುಡುಗ 2004ರ ಬೇಸಿಗೆಯಲ್ಲಿ ಜೀವಂತವಾಗಿ ವಾಪಸು ಬಂದ. ನಮ್ಮ ದೀಪ ಫಲಿಸಿತು ಅಂತ ನಾವು ಹಿಗ್ಗಿದೆವು. ಜುಲೈ 4, ಇಲ್ಲಿನ ಸ್ವಾತಂತ್ರ್ಯ ದಿನ, ಬೀದಿ ತುಂಬಾ ಪಟಾಕಿ. ಅವನು ಮಾತ್ರ ನಮ್ಮ ಗ್ಯಾರೇಜಿನೊಳಗೆ ಬಂದು ಕೂತ. ನಾನು ಏನೂ ಕೇಳಲಿಲ್ಲ, ಅವನೇ ಹೇಳಿದ. ತಪಾಸಣೆ ಮಾಡುವ ಜಾಗ. ಮುಸ್ಸಂಜೆ. ಒಂದು ಕಾರು ನಿಲ್ಲಿಸಲಿಲ್ಲ. ಕೈ ಮಾಡಿದರು, ಕೂಗಿದರು, ಆಮೇಲೆ ಗುಂಡು ಹಾರಿಸಿದರು. ಒಳಗೆ ಒಂದು ಸಂಸಾರ ಇತ್ತು. ಇಷ್ಟು ಹೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನೀವು ನನಗಾಗಿ ದಿನಾ ದೀಪ ಹಚ್ಚುತ್ತಿದ್ದಿರಂತೆ, ಅಮ್ಮ ಹೇಳಿದಳು. ಅವರ ಮನೆಯಲ್ಲೂ ಯಾರಾದರೂ ಬೇಡಿಕೊಂಡಿರ್ತಾರೆ, ಅಲ್ವಾ?" ಅಂದ.

ಆ ಮಾತು ನನ್ನನ್ನು ಬಿಟ್ಟಿಲ್ಲ ಕಣೋ. ನಮ್ಮ ದೀಪ ಸುಳ್ಳಲ್ಲ. ಆ ತಾಯಿಯ ಕಣ್ಣೀರೂ ಸುಳ್ಳಲ್ಲ. ಆದರೆ ಒಂದು ವರ್ಷ ದಿನಾ ದೇವರ ಮುಂದೆ ನಿಂತವರಿಗೆ ಬಾಗ್ದಾದ್‌ನ ಒಂದು ಮಗುವೂ ನೆನಪಾಗಲಿಲ್ಲ. ಈ ಯುದ್ಧ ಸರಿಯಾ ಅಂತಲೂ ಕೇಳಲಿಲ್ಲ. ಹುಡುಗ ಬದುಕಿ ಬರಲಿ ಅಂತ ಅಷ್ಟೇ ಕೇಳಿದೆವು, ಅವನು ಅಲ್ಲಿ ಏನು ಮಾಡಬೇಕಾಗಿ ಬಂದೀತು ಅಂತ ಯೋಚಿಸಲಿಲ್ಲ. ಈ ಯುದ್ಧದಲ್ಲಿ ಸುಮಾರು 4,500 ಅಮೆರಿಕನ್ ಸೈನಿಕರು ಸತ್ತರು. ಇರಾಕಿನ ಸಾಮಾನ್ಯ ಜನ ಲಕ್ಷಕ್ಕೂ ಜಾಸ್ತಿ.

ನಮ್ಮೂರಿನ ತಾಳಮದ್ದಲೆಯಲ್ಲಿ ಕೇಳಿದ ಗಾಂಧಾರಿಯ ಕಥೆ ನೆನಪಿದೆಯಾ? ಯುದ್ಧಕ್ಕೆ ಹೊರಟ ದುರ್ಯೋಧನ ನನಗೆ ಜಯವಾಗಲಿ ಅಂತ ಹರಸಮ್ಮಾ ಅಂತ ಬೇಡುತ್ತಾನೆ. ಅವಳು ಧರ್ಮ ಎಲ್ಲಿದೆಯೋ ಅಲ್ಲಿ ಜಯ ಅಂತಾಳೆ. ಹೆತ್ತ ಮಗನಿಗೆ! ಚಿಕ್ಕವರಿದ್ದಾಗ ಅವಳು ಕಟುಕಿ ಅನ್ನಿಸಿತ್ತು ನಮಗೆ. ಈಗ ನೋಡಿದರೆ, ಅವಳೊಬ್ಬಳೇ ಎರಡೂ ಕಡೆಯವರಿಗೆ ಸಲ್ಲುವ ಪ್ರಾರ್ಥನೆ ಮಾಡಿದವಳು.

ಇಲ್ಲೂ ಅಂಥ ಒಬ್ಬಳಿದ್ದಾಳೆ, ಆಗ ಕೆಳಮನೆಯ ಸದಸ್ಯೆಯಾಗಿದ್ದ ಬಾರ್ಬರಾ ಲೀ. ಅವಳಿಗೆ ಇಲ್ಲಿ ಸಿಕ್ಕಬೇಕಾದಷ್ಟು ಗೌರವ ಸಿಕ್ಕಿಲ್ಲ ಅಂತ ನನ್ನ ಅನಿಸಿಕೆ. ಅವಳಿ ಗೋಪುರ ಬಿದ್ದ ಮೂರನೇ ದಿನ, 2001ರ ಸೆಪ್ಟೆಂಬರ್ 14, ವಾಷಿಂಗ್ಟನ್‌ನ ಕೆಥೆಡ್ರಲ್‌ನಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಇತ್ತು. ನಾವು ಯಾವ ಕೆಡುಕಿಗೆ ಮರುಗುತ್ತೇವೋ ಅದೇ ಕೆಡುಕು ನಾವಾಗದಿರಲಿ ಅಂತ ಪಾದ್ರಿಯೊಬ್ಬರು ಬೇಡಿಕೊಂಡರು. ಅದೇ ದಿನ ಕೆಳಮನೆಯಲ್ಲಿ ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಡುವ ಮತದಾನ. ಬಾರ್ಬರಾ ಲೀ ಎದ್ದು ನಿಂತು, ನಡುಗುವ ದನಿಯಲ್ಲಿ ಆ ಪಾದ್ರಿಯ ಮಾತನ್ನೇ ಹೇಳಿ 'ಬೇಡ' ಅಂದಳು. 420 ಮತ ಒಂದು ಕಡೆ, ಅವಳ ಒಂದು ಮತ ಇನ್ನೊಂದು ಕಡೆ. ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲು ಬೇಕಾಯಿತು. ಮರುವರ್ಷ ಇರಾಕ್ ಯುದ್ಧಕ್ಕೂ 'ಬೇಡ' ಅಂತಲೇ ಮತ ಹಾಕಿದಳು. ಆ ಪ್ರಾರ್ಥನೆಯನ್ನು ಕೇಳಿಸಿಕೊಂಡವರು ಎಷ್ಟೋ ಜನ. ಅದನ್ನು ಮತದ ತನಕ ಹೊತ್ತು ತಂದವಳು ಅವಳು.

ನಿನ್ನ ಪ್ರಶ್ನೆಗೆ ಬರುತ್ತೇನೆ. ಅಬ್ರಹಾಂ ಹೆಶೆಲ್ ಅಂತ ಒಬ್ಬ ಯಹೂದಿ ಧರ್ಮಗುರು ವಿಯೆಟ್ನಾಂ ಯುದ್ಧದ ವಿರುದ್ಧ ದುಡಿದವರು. ತಪ್ಪಿತಸ್ಥರು ಕೆಲವರು, ಹೊಣೆಗಾರರು ಎಲ್ಲರೂ ಅಂತ ಅವರು ಹೇಳುತ್ತಿದ್ದರು. ನಾನು ಗುಂಡು ಹೊಡೆಯಲಿಲ್ಲ, ಆಜ್ಞೆ ಕೊಡಲಿಲ್ಲ. ಪಾಪ ಅನ್ನೋ ಮಾತು ನನಗೆ ಎಷ್ಟು ತಗಲುತ್ತದೋ ದೇವರೇ ಹೇಳಬೇಕು. ಹೊಣೆ ಇದೆ. ಅದನ್ನು ಇಲ್ಲ ಅನ್ನಲಾರೆ.

2011ರಲ್ಲಿ ಪ್ರಜೆಯಾಗುವ ದಿನ ಬಲಗೈ ಎತ್ತಿ ಪ್ರಮಾಣ ಮಾಡಿದೆ. ಕಾನೂನು ಕೇಳಿದಾಗ ಈ ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಅಂತ ಅದರಲ್ಲಿ ಒಂದು ಸಾಲಿದೆ. ಅಲ್ಲಿ ನಾಲಿಗೆ ತಡವರಿಸಿತು, ಗ್ಯಾರೇಜಿನಲ್ಲಿ ಕೂತಿದ್ದ ಹುಡುಗ ಕಣ್ಣಮುಂದೆ ಬಂದ. ಆವತ್ತಿನಿಂದ ಯಾವ ಚುನಾವಣೆಯನ್ನೂ ತಪ್ಪಿಸಿಲ್ಲ. 2023ರ ಮಾರ್ಚಿನಲ್ಲಿ, ಇರಾಕ್ ಯುದ್ಧಕ್ಕೆ ಕೊಟ್ಟಿದ್ದ ಹಳೆಯ ಅಧಿಕಾರವನ್ನು ರದ್ದು ಮಾಡುವ ಮಸೂದೆ ಸೆನೆಟ್ ಮುಂದೆ ಬಂತು. ದಯವಿಟ್ಟು ರದ್ದು ಮಾಡಿ ಅಂತ ಸೆನೆಟರ್ ಕಚೇರಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗಿ ಹೆಸರು, ವಿಳಾಸ ಬರೆದುಕೊಂಡಳು. ಎರಡು ನಿಮಿಷದ ಕೆಲಸ. ಮಸೂದೆ ಅಲ್ಲಿ 66–30ರಲ್ಲಿ ಪಾಸಾಯಿತು. ನನ್ನ ಫೋನಿನಿಂದ ಆಯಿತು ಅಂತ ಹೇಳುತ್ತಿಲ್ಲ. 2003ರಲ್ಲಿ ಭಯಕ್ಕೆ ಮುಚ್ಚಿದ ಬಾಯನ್ನು ಇಪ್ಪತ್ತು ವರ್ಷದ ಮೇಲೆ ತೆರೆದೆ, ಅಷ್ಟು ಮಾತ್ರ.

ದೀಪ ಬಿಟ್ಟಿಲ್ಲ. ಪ್ರತಿ ವರ್ಷ ಮಾರ್ಚ್ 20ಕ್ಕೆ ದೇವಸ್ಥಾನಕ್ಕೆ ಹೋಗುತ್ತೇವೆ. ಆ ಭಟ್ಟರೇ ಇದ್ದಾರೆ, ವಯಸ್ಸಾಗಿದೆ. ಮೊದಲು ಹುಡುಗನ ಹೆಸರು ಹೇಳುತ್ತೇನೆ, ಅವನಿಗೆ ಈಗಲೂ ನಿದ್ದೆ ಸರಿಯಿಲ್ಲ. ಆಮೇಲೆ ಆ ಕಾರಿನಲ್ಲಿದ್ದವರು. ಎಷ್ಟು ಜನ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಭಟ್ಟರು ಈಗ ಹೆಸರು ಕೇಳುವುದಿಲ್ಲ. ಕಣ್ಣು ಮುಚ್ಚಿಕೊಂಡು "ಕಾಶ್ಯಪ ಗೋತ್ರ" ಅಂತ ಶುರು ಮಾಡುತ್ತಾರೆ.

ನಿನ್ನವನು