ಸೀಟಿ ಈಗ ನಿನ್ನ ಕೊರಳಲ್ಲಿ

ಪ್ರೀತಿಯ ಗೆಳತಿ,

ನಿನ್ನೆ ರಾತ್ರಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ನೀನು ಅಳಲಿಲ್ಲ ನಿಜ, ಆದರೆ ಮಾತಿನ ನಡುವೆ ಎರಡು ಸಲ ಸುಮ್ಮನಾದೆ. ಹಳೇ ಕೋಚ್ ಮೇಡಂ ರಜೆ ಮೇಲೆ ಹೋದರು, ಕಾಲೇಜಿನವರು "ಈ ವರ್ಷ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮು ನೀನೇ ನೋಡ್ಕೋಮ್ಮ" ಅಂದುಬಿಟ್ಟರು. ಮೊದಲ ದಿನ ಸೀಟಿ ಊದಿದಾಗ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡು ನಕ್ಕರು ಅಂದೆ. ಎಲ್ಲರೂ ಅಕ್ಕ ಅಂತಾರೆ, ಒಬ್ಬಳೂ ಮೇಡಂ ಅನ್ನಲ್ಲ ಅಂದೆ. ಕೊನೆಗೆ "ನಾನಿನ್ನೂ ರೆಡಿ ಇಲ್ಲ ಕಣೇ" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಫೋನಿನಲ್ಲಿ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೊಸದಾಗಿ ಸೀಟಿ ಹಿಡಿದ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಎಲ್ಲೂ ಬರೆದಿಲ್ಲ, ಹೆದರಬೇಡ.

ಅಮೆರಿಕದ ಪ್ಯಾಟ್ ಸಮಿಟ್ ನಿನಗೆ ಗೊತ್ತು. ಟೆನೆಸಿ ವಿಶ್ವವಿದ್ಯಾಲಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿಗೆ 38 ಸೀಸನ್ ಕೋಚ್ ಆಗಿದ್ದವರು. 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದರೆ ನನಗೆ ನಿನ್ನೆಯಿಂದ ನೆನಪಾಗುತ್ತಿರುವುದು 1974ರ ಪ್ಯಾಟ್. ಆಗ ಅವಳಿಗೆ ಮದುವೆಯೂ ಆಗಿರಲಿಲ್ಲ, ಹೆಸರು ಪ್ಯಾಟ್ ಹೆಡ್. ವಯಸ್ಸು 22. ನಿನಗಿಂತ ಎರಡು ವರ್ಷ ಚಿಕ್ಕವಳು. ಅದಕ್ಕೇ ಈ ಪತ್ರದಲ್ಲಿ ಅವಳು ಅಂತಲೇ ಬರೆಯುತ್ತೇನೆ.

ಹೈನುಗಾರಿಕೆ ಮಾಡುವ ರೈತರ ಮಗಳು. ಮೂವರು ಅಣ್ಣಂದಿರು. ಹಗಲೆಲ್ಲ ಹೊಲದ ಕೆಲಸ, ಕತ್ತಲಾದ ಮೇಲೆ ಹುಲ್ಲು ಒಟ್ಟುವ ಅಟ್ಟದಲ್ಲಿ ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್. ಅವರಿದ್ದ ಕಡೆಯ ಹೈಸ್ಕೂಲಿನಲ್ಲಿ ಹುಡುಗಿಯರ ಟೀಮು ಇರಲಿಲ್ಲ. ಮಗಳು ಆಡಲಿ ಅಂತ ಇಡೀ ಮನೆಯವರು ಪಕ್ಕದ ಜಿಲ್ಲೆಯ ಹೆನ್ರಿಯೆಟಾ ಎಂಬ ಊರಿಗೆ ಮನೆ ಬದಲಿಸಿದರು. ಹಸು ಹೊಲ ಇರುವವರಿಗೆ ಊರು ಬದಲಿಸುವುದು ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅಣ್ಣಂದಿರಿಗೆ ಆಟದ ಮೇಲೆ ಸ್ಕಾಲರ್‌ಶಿಪ್ ಸಿಕ್ಕಿತು. ಇವಳಿಗೆ ಸಿಗಲಿಲ್ಲ, ಆಗ ಹುಡುಗಿಯರಿಗೆ ಅದು ಸಿಗುತ್ತಿದ್ದದ್ದೇ ಅಪರೂಪ. ಫೀಸನ್ನು ಅಪ್ಪ ಅಮ್ಮನೇ ಕಟ್ಟಿದರು.

ಕಾಲೇಜಿನ ಕೊನೆಯ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ನಿನಗೆ ಆ ಸದ್ದು ಗೊತ್ತು. ದ್ವಿತೀಯ ಬಿ.ಎ.ಯಲ್ಲಿ ನೀನು ರಿಬೌಂಡಿಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬಂದ ಚೆಂಡಿಗೆ, ಎಗರಿ ಕೆಳಗೆ ಬಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಪ್ಯಾಟ್ ಆ ಕಾಲನ್ನು ಸರಿಮಾಡಿಕೊಳ್ಳುತ್ತಲೇ ಟೆನೆಸಿ ವಿಶ್ವವಿದ್ಯಾಲಯಕ್ಕೆ ಹೋದಳು. ಅಲ್ಲಿ ಅವಳಿಗೆ ಸಿಗಬೇಕಿದ್ದದ್ದು ಸಹಾಯಕಿಯ ಕೆಲಸ. ಸ್ನಾತಕೋತ್ತರ ಪದವಿಗೆ ಓದುವುದು, ಒಂದಷ್ಟು ಕ್ಲಾಸು ತೆಗೆದುಕೊಳ್ಳುವುದು, ಕೋಚ್‌ಗೆ ಕೈಜೋಡಿಸುವುದು. ಸೀಸನ್ ಶುರುವಾಗುವ ಹೊತ್ತಿಗೆ ಕೋಚ್ ಜಾಗವೇ ಖಾಲಿಯಾಯಿತು. ಟೀಮು ಇವಳ ಕೈಗೆ ಬಂತು. ಅದಕ್ಕೆ ಮೊದಲು ಅವಳು ಒಂದೇ ಒಂದು ಮ್ಯಾಚಿಗೂ ಕೋಚ್ ಆಗಿ ಬೆಂಚಿನ ಮುಂದೆ ನಿಂತವಳಲ್ಲ. ಕೆಲವು ಹುಡುಗಿಯರು ಅವಳಿಗಿಂತ ಒಂದೇ ವರ್ಷ ಚಿಕ್ಕವರು.

ಈಗ ನಿನ್ನ ಮೊದಲ ದಿನವನ್ನು ಇದರ ಪಕ್ಕ ಇಟ್ಟು ನೋಡು. ಪ್ಯಾಟ್ ಸೆಲೆಕ್ಷನ್ನಿಗೆ ಬಂದವರನ್ನು ಓಡಿಸಿದಳು. ಸುತ್ತಿನ ಮೇಲೆ ಸುತ್ತು, ಬಿಡಲೇ ಇಲ್ಲ. ನಾಲ್ಕು ಜನ ಹುಡುಗಿಯರು ಗೆರೆ ಮುಟ್ಟಿ ತಿರುಗಬೇಕಿತ್ತು. ತಿರುಗಲಿಲ್ಲ. ಹಾಗೇ ಬಾಗಿಲು ದಾಟಿ, ಮೆಟ್ಟಿಲು ಹತ್ತಿ ಹೋದವರು ಮತ್ತೆ ಬರಲೇ ಇಲ್ಲ. ನಿನ್ನ ಹುಡುಗಿಯರು ನಕ್ಕರು, ಆದರೆ ಮಾರನೇ ದಿನ ಬಂದರು ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಗಡಸುತನವನ್ನು ನೀನು ಕಲಿಯಬೇಕಿಲ್ಲ. ಚಿಕ್ಕ ವಯಸ್ಸಿನ ಕೋಚ್‌ಗೆ ಜೋರು ಮಾಡಿದರೆ ಮಾತ್ರ ಮರ್ಯಾದೆ ಅಂತ ಅನ್ನಿಸುತ್ತದೆ. ನಮ್ಮ ಮೇಲೂ ಒಬ್ಬರು ಹಾಗೇ ಕೂಗಾಡುತ್ತಿದ್ದರು, ಅವರು ಕಲಿಸಿದ ಒಂದು ಪಾಸೂ ನನಗೆ ಈಗ ನೆನಪಿಲ್ಲ. ಹುಡುಗಿಯರು ಅಕ್ಕ ಅಂದರೆ ಅನ್ನಲಿ ಬಿಡು. ಅಕ್ಕನ ಮಾತನ್ನು ಕೇಳುವವರೂ ಇದ್ದಾರೆ.

ಪ್ಯಾಟ್‌ಳಿಂದ ತೆಗೆದುಕೊಳ್ಳಬೇಕಾದದ್ದು ಬೇರೆ ಇದೆ. ಅವಳ ಸಂಬಳ ತಿಂಗಳಿಗೆ 250 ಡಾಲರ್. ಟೀಮಿನ ವ್ಯಾನು ಓಡಿಸುತ್ತಿದ್ದವಳು ಅವಳೇ. ಮ್ಯಾಚ್ ಮುಗಿದ ಮೇಲೆ ಎಲ್ಲರ ಜೆರ್ಸಿ ಒಗೆಯುತ್ತಿದ್ದವಳೂ ಅವಳೇ. ಆ ಜೆರ್ಸಿಗಳನ್ನು ಹಿಂದಿನ ವರ್ಷ ಡೋನಟ್ ಮಾರಿ ಬಂದ ದುಡ್ಡಿನಲ್ಲಿ ಕೊಂಡಿದ್ದರಂತೆ. ಒಂದು ಸಲ ಹೊರ ಊರಿನ ಮ್ಯಾಚಿಗೆ ಹೋದಾಗ ಹಿಂದಿನ ರಾತ್ರಿ ಎದುರು ಟೀಮಿನ ಜಿಮ್‌ನಲ್ಲೇ ಮ್ಯಾಟ್ ಹಾಸಿಕೊಂಡು ಮಲಗಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಇಂಟರ್‌ಕಾಲೇಜು ಟೂರ್ನಿ ನೆನಪಾಯಿತು. ಕ್ಲಾಸ್‌ರೂಮಿನ ಬೆಂಚುಗಳನ್ನು ಗೋಡೆಗೆ ಸರಿಸಿ, ಬ್ಯಾಗನ್ನೇ ದಿಂಬು ಮಾಡಿಕೊಂಡು, ಸೊಳ್ಳೆ ಬತ್ತಿ ಹಚ್ಚಿ ಮಲಗಿದ್ದೆವಲ್ಲ. ಬೆಳಿಗ್ಗೆ ನಿನ್ನ ಕೆನ್ನೆಯ ಮೇಲೆ ಬ್ಯಾಗಿನ ಜಿಪ್ ಗುರುತು ಮೂಡಿತ್ತು.

ನಿನಗೆ ಕೊಡುವ ಗೌರವಧನ ಬಸ್ಸಿಗೂ ಶೂಗೂ ಸರಿಹೋಗುತ್ತದೆ ಅಂದೆ. ಅದು ತಪ್ಪು, ಅನ್ಯಾಯ. 1974ರಲ್ಲೂ ತಪ್ಪೇ, ಈಗಲೂ ತಪ್ಪೇ. ಕೇಳು, ಬರೆದು ಕೊಟ್ಟು ಕೇಳು. ಆದರೆ ಚೆಂಡಿಗೆ ಗಾಳಿ ತುಂಬಿಸುವುದು, ಟಿಎ ಬಿಲ್ಲಿಗೆ ಸಹಿ ಹಾಕಿಸಲು ಆಫೀಸಿಗೆ ಅಲೆಯುವುದು, ಇದೆಲ್ಲ ಕೋಚ್ ಕೆಲಸವೇ ಅಲ್ಲ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ತಮಗಾಗಿ ಒಬ್ಬಳು ಓಡಾಡುತ್ತಿದ್ದಾಳೆ ಅಂತ ಹುಡುಗಿಯರು ನೋಡುತ್ತಿರುತ್ತಾರೆ. ಅವರು ನಿನ್ನ ಮಾತು ಕೇಳಲು ಶುರುಮಾಡುವುದು ಅಲ್ಲಿಂದಲೇ.

ಇನ್ನೊಂದು ವಿಷಯ. ಆ ಕಾಲದಲ್ಲಿ ಟೆನೆಸಿಯ ಹೈಸ್ಕೂಲುಗಳಲ್ಲಿ ಹುಡುಗಿಯರ ಆಟವೇ ಬೇರೆ ಥರ. ಒಂದು ಟೀಮಿಗೆ ಆರು ಜನ. ಮೂವರು ಬರೀ ಬ್ಯಾಸ್ಕೆಟ್ ಹಾಕುವವರು, ಮೂವರು ಬರೀ ತಡೆಯುವವರು. ಯಾರೂ ಮಧ್ಯದ ಗೆರೆ ದಾಟುವ ಹಾಗಿಲ್ಲ. ಹುಡುಗಿಯರಿಗೆ ಪೂರ್ತಿ ಕೋರ್ಟ್ ಓಡುವ ಶಕ್ತಿ ಇರಲ್ಲ ಅನ್ನುವ ನಂಬಿಕೆ. 1979ರವರೆಗೂ ಅಲ್ಲಿ ಹಾಗೇ ಇತ್ತು. ಅಂಥ ಶಾಲೆಗಳಿಂದ ಬಂದವರಿಗೆ ಅರ್ಧ ಆಟ ಮಾತ್ರ ಗೊತ್ತಿರುತ್ತಿತ್ತು. ನಿನ್ನ ಟೀಮಿನ ಹುಡುಗಿ ಎಡಗೈಯಲ್ಲಿ ಲೇ-ಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಚೆಂಡು ಹಾಕುವುದು) ಹಾಕಲ್ಲ ಅಂತ ಬೇಜಾರು ಮಾಡಿಕೊಂಡೆಯಲ್ಲ. ಅವಳಿಗೆ ಇದುವರೆಗೆ ಯಾರೂ ಕಲಿಸಿಲ್ಲ, ಅಷ್ಟೇ. ಅದು ನಿನ್ನ ಪಾಲಿಗೆ ಬಂದಿದೆ.

ಮೊದಲ ಮ್ಯಾಚ್ ಏನಾಯಿತು ಅಂತ ಕೇಳುತ್ತೀಯ. 1974ರ ಡಿಸೆಂಬರ್ 7, ಮರ್ಸರ್ ವಿಶ್ವವಿದ್ಯಾಲಯದ ಎದುರು. 84-83. ಸೋತರು, ಒಂದೇ ಪಾಯಿಂಟಿನಿಂದ. ಆ ರಾತ್ರಿ ಅವಳು ಫೌಲಿಗೆ ಸಿಗುವ ಎಷ್ಟು ಫ್ರೀ ಥ್ರೋಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸಿರಬೇಕು! ಮೊದಲ ಗೆಲುವಿಗೆ ಒಂದು ತಿಂಗಳಿಗೂ ಜಾಸ್ತಿ ಕಾಯಬೇಕಾಯಿತು. ಜನವರಿ 10ರಂದು ಮಿಡ್ಲ್ ಟೆನೆಸಿ ವಿಶ್ವವಿದ್ಯಾಲಯದ ಎದುರು 69-32. ಅದು ಆ 1,098ರಲ್ಲಿ ಒಂದನೆಯದು. ಇದರ ಜೊತೆಗೇ ಅವಳು ಪೆಟ್ಟಾದ ಆ ಕಾಲನ್ನು ಸರಿಮಾಡಿಕೊಳ್ಳುವುದನ್ನೂ ಬಿಡಲಿಲ್ಲ. 1976ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಬಂದಾಗ ಮಾಂಟ್ರಿಯಲ್‌ನಲ್ಲಿ ಅಮೆರಿಕದ ಪರ ಆಡಿ ಬೆಳ್ಳಿ ತಂದಳು. ಕೋಚ್ ಆಗಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1987ರಲ್ಲಿ. ಲೆಕ್ಕ ಹಾಕಿ ನೋಡು, 13ನೇ ಸೀಸನ್ನು.

ಎಲ್ಲರೂ ಕೋಚ್ ಕೆಲಸಕ್ಕೆ ಹೀಗೇ ಬರುತ್ತಾರೆ ಅಂತಲ್ಲ. ಪ್ಯಾಟ್ ಕೈಕೆಳಗೇ ಆಡಿದ ಹಾಲಿ ವಾರ್ಲಿಕ್ ಅವರು ಅದೇ ಟೆನೆಸಿಯಲ್ಲಿ 27 ವರ್ಷ ಸಹಾಯಕ ಕೋಚ್ ಆಗಿದ್ದು, 2012ರಲ್ಲಿ ಮುಖ್ಯ ಕೋಚ್ ಆದರು. ಅಮೆರಿಕದ ಇನ್ನೊಬ್ಬ ಆಟಗಾರ್ತಿ ಡಾನ್ ಸ್ಟೇಲಿ ಅವರಿಗಂತೂ ಕೋಚ್ ಆಗುವ ಮನಸ್ಸೇ ಇರಲಿಲ್ಲ. 2000ದಲ್ಲಿ ತಮ್ಮದೇ ಊರು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದವರು ಬಿಡದೆ ಕೇಳಿ ಒಪ್ಪಿಸಿದರು. ಆಗ ಅವರಿನ್ನೂ ಅಮೆರಿಕದ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಆಡುತ್ತಿದ್ದರು, ಕೋಚ್ ಆದ ಮೇಲೂ ಆಡಿದರು.

ನೀನು ರೆಡಿ ಇದ್ದೀಯಾ ಇಲ್ಲವಾ ಅನ್ನುವುದನ್ನು ನಾನು ಹೇಳಲಾರೆ. ನನಗೆ ಗೊತ್ತಿರುವುದು ಇಷ್ಟೇ: ಮೊಣಕಾಲಿಗೆ ಕಟ್ಟು ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದಾಗಲೂ ಎದುರು ಟೀಮಿನ ಯಾರು ಯಾವ ಕಡೆ ತಿರುಗುತ್ತಾರೆ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬಾಣದ ಗುರುತು ಹಾಕುತ್ತಿದ್ದವಳು ನೀನು. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ.

ಶನಿವಾರ ಫ್ರೆಂಡ್ಲಿ ಮ್ಯಾಚ್ ಇದೆ ಅಂದೆಯಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ, ಪುಸ್ತಕವನ್ನೂ ತರುತ್ತೇನೆ. ಸ್ಕೋರ್‌ಶೀಟ್ ನಾನು ಬರೆಯುತ್ತೇನೆ, ನೀನು ಆಟ ನೋಡು. ಮ್ಯಾಚ್ ಆದ ಮೇಲೆ ಜೆರ್ಸಿಗಳನ್ನು ಒಬ್ಬಳೇ ಒಗೆಯಲು ಕೂರಬೇಡ, ಇಬ್ಬರೂ ಸೇರಿ ಒಗೆಯೋಣ. 9ನೇ ನಂಬರಿನ ಜೆರ್ಸಿಯ ಹೊಲಿಗೆ ಬಿಟ್ಟಿದೆ ಅಂದಿದ್ದೆ. ಯಾವ ಬಣ್ಣದ ದಾರ ಬೇಕು, ಮೆಸೇಜ್ ಮಾಡು.

ನಿನ್ನ ಗೆಳತಿ