‘ಹುಟ್ಟಿನಿಂದ ಚಟ್ಟದವರೆಗೆ’: ಎರಡು ತುದಿಯೂ ಇರಲಿ

ಮಾನ್ಯ ಸಂಪಾದಕರೇ,

ಜಾಹೀರಾತುಗಳಲ್ಲಿ, ಭಾಷಣಗಳಲ್ಲಿ, ಕೆಲವೊಮ್ಮೆ ಸುದ್ದಿಯ ತಲೆಬರಹಗಳಲ್ಲಿಯೂ ‘ಹುಟ್ಟಿನಿಂದ ಚಟ್ಟದವರೆಗೆ’ ಎಂಬ ನುಡಿಗಟ್ಟನ್ನು ‘ಬಹುಕಾಲ’ ಎಂಬಷ್ಟೇ ಅರ್ಥದಲ್ಲಿ ಬಳಸುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಈಚೆಗೆ ನನ್ನ ಕೈಗೆ ಬಂದ ವಿಮಾ ಕೈಪಿಡಿಯೊಂದರ ಮುಖಪುಟದಲ್ಲಿ ಈ ಮಾತು ದಪ್ಪಕ್ಷರದಲ್ಲಿತ್ತು. ಒಳಪುಟದ ಸಣ್ಣಕ್ಷರ ಓದಿದರೆ, 18 ವರ್ಷ ತುಂಬುವ ಮೊದಲು ಸೇರುವಂತಿಲ್ಲ, 75 ದಾಟಿದ ಮೇಲೆ ರಕ್ಷಣೆಯಿಲ್ಲ. ಹುಟ್ಟನ್ನೂ ಮುಟ್ಟದ, ಚಟ್ಟದವರೆಗೂ ಬಾರದ ಯೋಜನೆಗೆ ಆ ಹೆಸರು ಹೇಗೆ ಸಲ್ಲುತ್ತದೆ?

ಈ ನುಡಿಗಟ್ಟಿನ ಬಲವೆಲ್ಲ ಅದರ ಎರಡು ತುದಿಗಳಲ್ಲಿದೆ. ‘ಆಮರಣ ಉಪವಾಸ’ ಕೂತ ದಿನದಿಂದ ಸಾವಿನವರೆಗಿನದು; ‘ಆಜೀವ ಸದಸ್ಯ’ ಸೇರಿದ ದಿನದಿಂದ ಬದುಕಿರುವವರೆಗೆ ಸದಸ್ಯ. ಇವುಗಳಿಗೆ ಕೊನೆಯ ಗಡಿಯಷ್ಟೇ ಉಂಟು, ಮೊದಲಿನದು ಹುಟ್ಟೇ ಆಗಬೇಕೆಂದಿಲ್ಲ. ‘ಹುಟ್ಟಿನಿಂದ ಚಟ್ಟದವರೆಗೆ’ ಎಂದಾಗ ಮಾತ್ರ, ನಡುವೆ ಒಂದು ದಿನವೂ ಬಿಟ್ಟುಹೋಗಿಲ್ಲ ಎಂಬ ಮಾತು ಕೊಟ್ಟಂತಾಗುತ್ತದೆ.

ಇಂಗ್ಲಿಷರಲ್ಲಿ ಇದೇ ಅರ್ಥಕ್ಕೆ ತೊಟ್ಟಿಲು ಮತ್ತು ಗೋರಿಯ ಜೋಡಿಯಿದೆ. 1943ರ ಮಾರ್ಚ್ ತಿಂಗಳ ರೇಡಿಯೊ ಭಾಷಣದಲ್ಲಿ ವಿನ್‌ಸ್ಟನ್ ಚರ್ಚಿಲ್ ಎಲ್ಲ ವರ್ಗದವರಿಗೂ ಕಡ್ಡಾಯ ರಾಷ್ಟ್ರೀಯ ವಿಮೆಯ ಮಾತೆತ್ತಿದಾಗ ಅದನ್ನೇ ಬಳಸಿದರು. ಅದಕ್ಕೂ ಮೊದಲು, 1942ರಲ್ಲಿ ಬ್ರಿಟನ್ನಿನ ಸಾಮಾಜಿಕ ಭದ್ರತೆಯ ಬಗ್ಗೆ ಹೊರಬಂದ ಬೆವರಿಜ್ ವರದಿ ನಿರುದ್ಯೋಗ, ಕಾಯಿಲೆ, ಮುಪ್ಪುಗಳ ಜೊತೆಗೆ ಹೆರಿಗೆಗೂ ಶವಸಂಸ್ಕಾರಕ್ಕೂ ನೆರವಿನ ಹಣ ಕೊಡಬೇಕೆಂದು ಸೂಚಿಸಿತ್ತು. ಎರಡು ತುದಿಗಳೂ ಅಲ್ಲಿ ಅಕ್ಷರಶಃ ಇದ್ದವು.

ನಮ್ಮ ಮಾತಿನಲ್ಲಿರುವುದು ಗೋರಿಯಲ್ಲ, ಚಟ್ಟ. ಎರಡು ಉದ್ದ ಬಿದಿರಿಗೆ ಅಡ್ಡಪಟ್ಟಿ ಕಟ್ಟಿ, ನಾಲ್ವರು ಹೆಗಲು ಕೊಟ್ಟು ಹೊರುವ ಚಟ್ಟ. ‘ಹುಟ್ಟು’, ‘ಚಟ್ಟ’ಗಳ ‘ಟ್ಟ’ಕಾರ ಕಿವಿಯಲ್ಲಿ ನಿಲ್ಲುವುದರಿಂದಲೇ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಆದರೆ ಎಲ್ಲ ಸಂದರ್ಭಕ್ಕೂ ಇದು ಹೊಂದುವುದಿಲ್ಲ. ಎಳೆಗೂಸಿನ ತಂದೆತಾಯಿಗೆ ಅಥವಾ ಹಾಸಿಗೆ ಹಿಡಿದವರ ಮನೆಯವರಿಗೆ ಹೇಳುವಾಗ ‘ಚಟ್ಟ’ ಎಂಬ ಪದ ಎದೆಗೆ ಚುಚ್ಚುತ್ತದೆ; ಅಲ್ಲಿ ‘ಬದುಕಿನುದ್ದಕ್ಕೂ’ ಎಂದರೆ ಸಾಕು.

ತಮ್ಮ ಪತ್ರಿಕೆಯ ಉಪಸಂಪಾದಕರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ: ಯೋಜನೆಯೊಂದಕ್ಕೆ ವಯಸ್ಸಿನ ಮಿತಿ ಇದ್ದರೆ, ತಲೆಬರಹದಲ್ಲಿ ಈ ನುಡಿಗಟ್ಟನ್ನು ಬಿಟ್ಟು ‘18ರಿಂದ 75 ವರ್ಷದವರೆಗೆ’ ಎಂದೇ ಬರೆಯಿರಿ.

ಇತಿ,
ತಮ್ಮ ಓದುಗ