ಅಟ್ಟದ ಮೇಲಿನ ಗಾಳ ಕೆಳಗಿಳಿಸಿ, ಅಪ್ಪಯ್ಯ

ತೀರ್ಥರೂಪು ಅಪ್ಪಯ್ಯನಿಗೆ ನಮಸ್ಕಾರ. ನಾವೆಲ್ಲ ಇಲ್ಲಿ ಅಮೆರಿಕದಲ್ಲಿ ಕ್ಷೇಮ.

ಪುಟ್ಟಿ, ಇದನ್ನು ಅಜ್ಜನಿಗೆ ಜೋರಾಗಿ ಓದು. ಉದ್ದ ಇದೆ ಅಂತ ಮಧ್ಯೆ ಹಾರಿಸಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಿನ್ನಜ್ಜ "ಆಯ್ತು ಆಯ್ತು, ಊಟ ಆಯ್ತಾ" ಅಂತ ಕೇಳಿ ಎರಡು ನಿಮಿಷಕ್ಕೆ ಇಟ್ಟುಬಿಡುತ್ತಾರೆ.

ಅಪ್ಪಯ್ಯ, ಹೋದ ವರ್ಷ ಯುಗಾದಿಗೆ ಬಂದಿದ್ದಾಗ ನೀವು ಹೊಳೆ ಮೆಟ್ಟಿಲಲ್ಲಿ ಮುಗ್ಗರಿಸಿದಿರಿ. ಮಂಡಿ ತರಚಿತ್ತು, ಅಷ್ಟೇ. ನಾನೇ ಹೌಹಾರಿ, ನಿಮ್ಮ ಬಿದಿರಿನ ಗಾಳ ಕಿತ್ತುಕೊಂಡು ಹೋಗಿ ಅಟ್ಟದ ಮೇಲೆ ಹಾಕಿದೆ. "ಕಣ್ಣು ಸರಿ ಇಲ್ಲ, ಇನ್ನು ಹೊಳೆ ಕಡೆ ಹೋಗೋದು ಬೇಡ" ಅಂದೆ. ನೀವು ಏನೂ ಅನ್ನಲಿಲ್ಲ. ಆಮೇಲಿಂದ ಜಗುಲಿ ಬಿಟ್ಟು ಏಳುವುದೇ ಇಲ್ಲ ಅಂತ ಅಮ್ಮ ಪ್ರತಿ ಭಾನುವಾರ ಹೇಳುತ್ತಾಳೆ. ಆ ವಿಷಯಕ್ಕೇ ಈ ಕಾಗದ.

ನಮ್ಮ ಪಕ್ಕದ ಮನೆಯ ಅಜ್ಜನ ಬಗ್ಗೆ ಹೇಳಿದ್ದೆನಲ್ಲ, ಹಿಮ ಬಿದ್ದಾಗ ನಮ್ಮ ಅಂಗಳವನ್ನೂ ಸೇರಿಸಿ ಗೋರುತ್ತಿದ್ದರು ಅಂತ, ಅವರೇ. ಕಾರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು, ಹುಡುಗ ಪ್ರಾಯದಲ್ಲಿ ವಿಯೆಟ್ನಾಂ ಯುದ್ಧಕ್ಕೂ ಹೋಗಿ ಬಂದವರು. ನಾಲ್ಕು ವರ್ಷದಿಂದ ಅವರಿಗೆ ನೋಟದ ನಡುಭಾಗ ಕಾಣುವುದಿಲ್ಲ. ಮ್ಯಾಕ್ಯುಲರ್ ಡಿಜೆನರೇಶನ್ ಅನ್ನುತ್ತಾರೆ. ನಿಮ್ಮದಕ್ಕೆ ತಿರುಗಾಮುರುಗ. ನಿಮಗೆ ಗ್ಲಾಕೋಮಾದಿಂದ ಅಂಚು ಹೋಗಿ ನಡು ಉಳಿದಿದೆ, ಅದಕ್ಕೇ ಕಾಲ ಬಳಿಯ ಮೆಟ್ಟಿಲು ತಪ್ಪಿತು. ಅವರಿಗೆ ನಡು ಹೋಗಿ ಅಂಚು ಉಳಿದಿದೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿ ಕಡೆ ನೋಡುತ್ತಾರೆ! ನಿಮ್ಮಿಬ್ಬರನ್ನು ಒಟ್ಟಿಗೆ ಕೂರಿಸಿದರೆ ಒಂದು ಪೂರ್ತಿ ಕಣ್ಣು ಆಗುತ್ತೆ ಅಂತ ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ.

ಜೂನ್‌ನಲ್ಲಿ ಒಂದು ದಿನ ಬೇಲಿ ಹತ್ತಿರ ಕರೆದು, "ನಿನಗೆ ಸೂಜಿಗೆ ದಾರ ಪೋಣಿಸಲು ಬರುತ್ತಾ?" ಅಂತ ಕೇಳಿದರು. ಬರುತ್ತೆ, ಚಿಕ್ಕವನಿದ್ದಾಗ ಅಜ್ಜಿಗೆ ಪೋಣಿಸಿ ಕೊಡುತ್ತಿದ್ದೆ ಅಂದೆ. "ಹಾಗಾದರೆ ಶನಿವಾರ ನನ್ನ ಜೊತೆ ಮೀನಿಗೆ ಬಾ" ಅಂದರು.

ಇವರು ಮಾಡೋದು ಫ್ಲೈ ಫಿಶಿಂಗ್. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಕೊಕ್ಕೆಗೆ ಕೋಳಿ ಗರಿ, ಜಿಂಕೆ ಕೂದಲು, ರೇಷ್ಮೆ ದಾರ ಸುತ್ತಿ ಹುಳದ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ, ಊದಿದರೆ ಹಾರುತ್ತೆ. ಅದನ್ನು ದೂರಕ್ಕೆ ಎಸೆಯೋದು ಹೇಗೆ? ತೂಕ ಎಲ್ಲ ದಾರದಲ್ಲಿರುತ್ತೆ. ದಪ್ಪ ದಾರವನ್ನು ಹಿಂದಕ್ಕೆ ಬೀಸಿ, ಅದು ಹಿಂದೆ ನೇರ ಆಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಕಾಯದೆ ಬೀಸಿದರೆ ಚಾಟಿ ಹೊಡೆದ ಹಾಗೆ ಸದ್ದು ಬಂದು ಹುಳ ಕಿತ್ತು ಹೋಗುತ್ತೆ. ನಾನು ಮೊದಲ ದಿನ ಎರಡು ಹುಳ ಹಾಗೆ ಕಳೆದೆ, ಮೂರನೆಯದು ನನ್ನ ಕಿವಿಗೇ ಚುಚ್ಚಿತು. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ್ದರಿಂದ ಸಲೀಸಾಗಿ ಬಂತು. ಅಜ್ಜ ಮಾತ್ರ ಒಂದು ಸಲವೂ ತಪ್ಪಲಿಲ್ಲ. ದಾರ ಹಿಂದೆ ನೇರ ಆದಾಗ ಕೋಲು ಕೈಯಲ್ಲಿ ಸಣ್ಣಗೆ ಜಗ್ಗುತ್ತೆ, ಅದನ್ನು ಅವರು ಕಾಯುತ್ತಾರೆ, ಕಣ್ಣಿನ ಕೆಲಸವೇ ಅಲ್ಲ ಅದು. ನನಗೆ ಕಣ್ಣು ಮುಚ್ಚಿಕೊಂಡು ಬೀಸು ಅಂದರು. ನಂಬುತ್ತೀರೋ ಇಲ್ಲವೋ, ಮುಚ್ಚಿಕೊಂಡಾಗಲೇ ಸರಿ ಬಂತು.

ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಾರೆ. (ಅಮ್ಮ ಈಗ ಏನು ಅನ್ನುತ್ತಾಳೆ ಅಂತ ನನಗೆ ಗೊತ್ತು. "ಬಿಡೋದಾದರೆ ಹಿಡಿಯೋದು ಯಾಕೆ, ಮಸಾಲೆ ಅರೆದಿಟ್ಟವರ ಗತಿ ಏನು." ನನಗೂ ಇದಕ್ಕೆ ಉತ್ತರ ಸಿಕ್ಕಿಲ್ಲ ಅಮ್ಮ. ಯಾರೂ ಹಿಡಿದು ತಿನ್ನದ ಚಿಬ್ಬಲಗುಡ್ಡೆ ದೇವರ ಮೀನು ಅಂದುಕೋ.)

ನಾವು ಹೋಗಿದ್ದು ಔ ಸೇಬಲ್ ಅನ್ನೋ ಹೊಳೆಗೆ. ಮಿಶಿಗನ್ ರಾಜ್ಯದ ಉತ್ತರಕ್ಕೆ, ಡೆಟ್ರಾಯಿಟ್ ಕಡೆಯಿಂದ ಮೂರು ಗಂಟೆ ದಾರಿ. ದಡದ ಊರಿನ ಹೆಸರು ಗ್ರೇಲಿಂಗ್. ಅದು ಆ ಹೊಳೆಯಲ್ಲಿದ್ದ ಮೀನಿನ ಹೆಸರು. ನಾಟಾಕ್ಕೆ ಅಂತ ಕಾಡು ಕಡಿದು, ದಿಮ್ಮಿಗಳನ್ನು ಹೊಳೆಯಲ್ಲೇ ತೇಲಿಬಿಟ್ಟು, ಸಿಕ್ಕಿದಷ್ಟು ಮೀನು ಹಿಡಿದು, 1930ರ ದಶಕದ ಹೊತ್ತಿಗೆ ಆ ಮೀನನ್ನೇ ಈ ರಾಜ್ಯದಿಂದ ಮುಗಿಸಿಬಿಟ್ಟರು. ಈಗ ಊರಿದೆ, ಮೀನಿಲ್ಲ. ಈಗ ಇರೋದು ಟ್ರೌಟ್ ಅನ್ನೋ ಬೇರೆ ಮೀನು. ಹೊಳೆ ಮೀನು ಉಳಿಸಬೇಕು ಅಂತ ಟ್ರೌಟ್ ಅನ್‌ಲಿಮಿಟೆಡ್ ಅನ್ನೋ ಸಂಘ 1959ರಲ್ಲಿ ಹುಟ್ಟಿದ್ದೂ ಇದೇ ಹೊಳೆಯ ದಂಡೆಯಲ್ಲಿ.

ಈಗ ಅಜ್ಜನ ಉಪಾಯಗಳನ್ನು ಕೇಳಿ. ಪುಟ್ಟಿ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು.

ಹುಳ ಕಟ್ಟುವ ದಾರ 0.15 ಮಿಲಿಮೀಟರ್ ದಪ್ಪ. ಸಣ್ಣ ಕೊಕ್ಕೆಯ ಕಣ್ಣು ಸಾಸಿವೆಯಷ್ಟೂ ಇಲ್ಲ. ಕಣ್ಣು ಕಾಣದವರಿಗೆ ಇಡೀ ಕೆಲಸ ನಿಂತುಹೋಗೋದು ಇಲ್ಲೇ, ಮೀನಿನ ಹತ್ತಿರ ಹೋಗೋ ಮುಂಚೆಯೇ. ಅದಕ್ಕೆ ಅವರ ಮಗಳು ಮನೆಯಲ್ಲೇ ಬೆಳಕಿನಲ್ಲಿ ಕೂತು, ದರ್ಜಿಗಳ ಹತ್ತಿರ ಇರುತ್ತಲ್ಲ ದಾರ ಪೋಣಿಸುವ ತಂತಿ, ಅಂಥ ತಂತಿಗೆ ಹತ್ತು ಹುಳಗಳನ್ನು ಸಾಲಾಗಿ ಪೋಣಿಸಿ ಇಟ್ಟಿರುತ್ತಾಳೆ. ಹೊಳೆಯಲ್ಲಿ ಅಜ್ಜ ದಾರವನ್ನು ಆ ತಂತಿಯ ದೊಡ್ಡ ಕುಣಿಕೆಗೆ ತೂರಿಸಿ ಒಂದು ಹುಳ ಎಳೆದುಕೊಂಡರೆ ಆಯ್ತು, ದಾರ ತಾನಾಗೇ ಕೊಕ್ಕೆಯ ಕಣ್ಣಿನಲ್ಲಿ ಬರುತ್ತೆ. ಗಂಟು ಬೆರಳಿಗೇ ಗೊತ್ತು. ಬೀಸುವ ದಾರದಲ್ಲಿ ಮೂವತ್ತು ಅಡಿಗೆ ಒಂದು ಸಣ್ಣ ಗಂಟು ಸುತ್ತಿದ್ದಾರೆ. ಗಂಟು ಬೆರಳಿಗೆ ಸಿಕ್ಕಿತು ಅಂದರೆ ಮೂವತ್ತು ಅಡಿ ಹೋಗಿದೆ ಅಂತ ಲೆಕ್ಕ. ಕೋಲಿನ ತುಂಡುಗಳನ್ನು ಜೋಡಿಸಲು ಪ್ರತಿ ತುಂಡಿನ ಮೇಲೂ ಒಂದೊಂದು ಹನಿ ಉಗುರುಬಣ್ಣ, ಒಣಗಿ ಗಟ್ಟಿಯಾದ ಬೊಟ್ಟು. ಬೊಟ್ಟಿಗೆ ಬೊಟ್ಟು ಸೇರಿಸಿದರೆ ನೇರ. ಕಾಸು ಖರ್ಚಿಲ್ಲ, ಅಲ್ವಾ?

ಇನ್ನು ದಿಕ್ಕು ಹೇಳಬೇಕಾದರೆ "ಅಲ್ಲಿ, ಆ ಮರದ ಹತ್ತಿರ" ಅನ್ನೋ ಹಾಗಿಲ್ಲ. ದೋಣಿಯ ಮೂತಿ ಹನ್ನೆರಡು ಗಂಟೆ. "ಹತ್ತು ಗಂಟೆಗೆ, ಮೂವತ್ತು ಅಡಿ" ಅಂದರೆ ಸಾಕು. ನಾನು ಮೊದಲೆರಡು ಸಲ ಬೆರಳು ಮಾಡಿ ತೋರಿಸಿ ಬೈಸಿಕೊಂಡೆ.

ಇವರಿಗೆ ಇದೆಲ್ಲ ಒಬ್ಬರೇ ಕೂತು ಹೊಳೆದದ್ದಲ್ಲ. 2005ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಎಡ್ ನಿಕಲ್ಸನ್ ಅನ್ನೋ ನಿವೃತ್ತ ನೌಕಾಪಡೆ ಅಧಿಕಾರಿ, ಇರಾಕ್, ಆಫ್ಘಾನಿಸ್ತಾನದಲ್ಲಿ ಕೈಕಾಲು ಕಳೆದುಕೊಂಡು ಬಂದ ಹುಡುಗರಿಗೆ ಈ ಗಾಳ ಬೀಸೋದನ್ನು ಕಲಿಸೋಕೆ ಶುರುಮಾಡಿದರು. ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಅಂತ ಅದರ ಹೆಸರು. ಈಗ ದೇಶದ ತುಂಬ ಇದೆ, ಮಾಜಿ ಸೈನಿಕರಿಗೆ ಪುಕ್ಕಟೆ. ಸ್ತನ ಕ್ಯಾನ್ಸರ್ ಆದ ಹೆಂಗಸರಿಗೂ ಇಂಥದ್ದೊಂದಿದೆ, ಕಾಸ್ಟಿಂಗ್ ಫಾರ್ ರಿಕವರಿ ಅಂತ, 1996ರಲ್ಲಿ ಶುರುವಾದದ್ದು. ಆಪರೇಶನ್ ಆದ ಮೇಲೆ ತೋಳಿಗೆ ಕೊಡುವ ವ್ಯಾಯಾಮವೂ ಈ ಬೀಸುವ ರೀತಿಯೂ ಹೆಚ್ಚು ಕಡಿಮೆ ಒಂದೇ ಅಂತೆ.

ಅಜ್ಜನ ಜೊತೆ ಸೈನಿಕರ ಅಂಥ ಒಂದು ಅಭ್ಯಾಸಕ್ಕೆ ನಾನೂ ಹೋಗಿದ್ದೆ. ಕೊಕ್ಕೆ ಬದಲು ಉಲ್ಲನ್ ಚೂರು ಕಟ್ಟಿ ಹುಲ್ಲಿನ ಮೈದಾನದಲ್ಲಿ ಬೀಸುತ್ತಾರೆ. ಒಬ್ಬರಿಗೆ ಎಡಗೈ ಇಲ್ಲ. ದಾರ ಎಳೆದುಕೊಳ್ಳಲು ಇನ್ನೊಂದು ಕೈ ಬೇಕಲ್ಲ, ಇವರು ಏನು ಮಾಡುತ್ತಾರೆ ಅಂತ ನೋಡಿದರೆ, ಅವರ ಕೋಲಿಗೆ ದಾರ ಸುತ್ತೋ ರೀಲೇ ಇಲ್ಲ. ಉದ್ದ ಕೋಲು, ತುದಿಗೆ ಕಟ್ಟಿದ ದಾರ, ಕೊನೆಗೆ ಹುಳ, ಅಷ್ಟೇ. ಜಪಾನಿನ ಬೆಟ್ಟದ ಹಳ್ಳಗಳ ಪದ್ಧತಿ, ಟೆಂಕಾರಾ ಅಂತ, ಇಲ್ಲಿನ ಅಂಗಡಿಗಳಿಗೆ 2009ರ ಸುಮಾರಿಗೆ ಬಂದದ್ದು. ನೂರಾರು ಡಾಲರ್ ಕೊಟ್ಟು ತಗೊಳ್ಳುತ್ತಾರೆ. ಅಪ್ಪಯ್ಯ, ನನಗೆ ಒಂದೇ ಸಲ ನಗುವೂ ಬಂತು, ಹೊಟ್ಟೆಯಲ್ಲಿ ಏನೋ ಆಯ್ತು. ಅದು ನಿಮ್ಮ ಗಾಳ! ನಾನು ಅಟ್ಟಕ್ಕೆ ಹಾಕಿದ್ದು ಅದನ್ನೇ.

ಗಾಲಿಕುರ್ಚಿಯಲ್ಲಿ ಬಂದವರೂ ಇದ್ದರು. ಇಲ್ಲಿ ಹೊಸದಾಗಿ ಮೀನು ಹಿಡಿಯುವ ಕಟ್ಟೆ ಕಟ್ಟಿದರೆ ಅದರ ಕಂಬಿಯಲ್ಲಿ ಕಾಲು ಭಾಗವಾದರೂ 34 ಇಂಚಿಗಿಂತ ಎತ್ತರ ಇರಬಾರದು ಅಂತ ಸರ್ಕಾರದ ನಿಯಮವೇ ಇದೆ, ಕೂತವರೂ ಗಾಳ ಹಾಕಬೇಕು ಅಂತ. ನಮ್ಮ ಕಡೆ ಹೊಳೆಗೆ ಇಳಿಯೋ ಮೆಟ್ಟಿಲಿಗೆ ಒಂದು ಹಿಡಿ ಇದ್ದರೇ ಪುಣ್ಯ. ಇರಲಿ.

ರಾತ್ರಿಯ ಕತೆ ಹೇಳಿಬಿಡುತ್ತೇನೆ. ಜೂನ್ ಕೊನೆಗೆ ಆ ಹೊಳೆಯಲ್ಲಿ ಹೆಕ್ಸ್ ಅನ್ನೋ ದೊಡ್ಡ ಹುಳ ಏಳುತ್ತೆ. ಮರಿ ಇದ್ದಾಗ ಹೊಳೆಯ ಕೆಸರಿನಲ್ಲಿ ವರ್ಷಗಟ್ಟಲೆ ಹುದುಗಿದ್ದು, ಕೆಲವೇ ರಾತ್ರಿ ರೆಕ್ಕೆ ಬಂದು ಮೇಲೇಳುತ್ತೆ. ಮೊದಲ ಮಳೆಗೆ ನಮ್ಮಲ್ಲಿ ಗೆದ್ದಲು ಹುಳ ದೀಪಕ್ಕೆ ಮುತ್ತುತ್ತವಲ್ಲ, ಥೇಟ್ ಹಾಗೆ. ಹಗಲಲ್ಲಿ ಮುಖವನ್ನೇ ತೋರಿಸದ ದೊಡ್ಡ ಟ್ರೌಟ್‌ಗಳು ಆಗ ಮೇಲೆ ಬರುತ್ತವೆ. ಕೆಸರು ಜಾಸ್ತಿ ಇರುವ ಜಾಗದಲ್ಲಿ ದೋಣಿ ನಿಲ್ಲಿಸಿ ಕಾದೆವು. ಉದ್ದನೆಯ ಸಪೂರ ಮರದ ದೋಣಿ, ಹಿಂದೆ ಕೂತವರು ಗಳ ಹಾಕಿ ನಡೆಸುತ್ತಾರೆ. ನಮ್ಮ ಅಂಬಿಗರು ಅಜ್ಜನ ಗೆಳೆಯ, ಎಪ್ಪತ್ತೈದು ವಯಸ್ಸು, ಅವರ ಕಣ್ಣೂ ಅಷ್ಟಕ್ಕಷ್ಟೇ. ಅದಕ್ಕೇ ನನ್ನನ್ನು ಕರೆದಿದ್ದು.

ಒಂಬತ್ತೂವರೆಗೆ ಸೂರ್ಯ ಮುಳುಗಿದ. ಹತ್ತೂವರೆಗೆ ಕಗ್ಗತ್ತಲು. ದೀಪ ಹಾಕಿದರೆ ಮೀನು ಓಡುತ್ತೆ, ಆರಿಸು ಅಂದರು. ನನಗೆ ನನ್ನ ಕೈಯೇ ಕಾಣದು. ಮುಖಕ್ಕೆಲ್ಲ ಹುಳ ಬಡಿಯುತ್ತಿದೆ, ಸೊಳ್ಳೆ ಬೇರೆ. ನಾನು ದೋಣಿಯ ಅಂಚು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಅಜ್ಜ ಮಾತ್ರ ಮನೆಯ ಜಗುಲಿಯಲ್ಲಿ ಕೂತವರ ಹಾಗೆ ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದರು. ದೂರದಲ್ಲಿ "ಗ್ಲಪ್" ಅಂತು. ನೀರಿಗೆ ಕಲ್ಲು ಬಿದ್ದ ಸದ್ದಲ್ಲ, ಒಳಗಿಂದ ಯಾರೋ ಚೀಪಿದ ಹಾಗೆ. "ಹನ್ನೊಂದು ಗಂಟೆ, ನಲವತ್ತು ಅಡಿ, ದೊಡ್ಡದು" ಅಂದರು. ಈ ಸಲ ದಿಕ್ಕು ಹೇಳಿದ್ದು ಅವರು. ಮತ್ತೆ "ಗ್ಲಪ್". ಬೆರಳಲ್ಲೇ ದಾರದ ಗಂಟು ಹುಡುಕಿ, ಅದರ ಆಚೆಗೆ ಇನ್ನೊಂದಿಷ್ಟು ಬಿಟ್ಟು, ಎರಡು ಸಲ ಬೀಸಿ ಹಾಕಿದರು. ಮೂರನೇ "ಗ್ಲಪ್" ನಮ್ಮ ಹುಳದ್ದು. ಕೋಲು ಬಾಗಿತು, ರೀಲು ಕಿರ್ರ್ ಅಂತು, ಮೂವರೂ ಒಟ್ಟಿಗೆ ಕೂಗಿದೆವು, ಆಮೇಲೆ ಟಪ್. ಅಷ್ಟೇ.

ದಾರ ಎಳೆದು ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ತುದಿ ಸುರುಳಿ ಸುರುಳಿ ಆಗಿತ್ತು. ತುಂಡಾಗಿದ್ದಲ್ಲ, ಗಂಟು ಜಾರಿದ್ದು. ಆ ಗಂಟು ಹಾಕಿದವನು ನಾನು. ಸಂಜೆ, ಆತುರದಲ್ಲಿ. "ಬಿಗಿಯುವ ಮುಂಚೆ ಉಗುಳು ಹಚ್ಚಿದ್ದೆಯಾ?" ಅಂತ ಕೇಳಿದರು. ಇಲ್ಲ. ಒಣ ಗಂಟು ತಿಕ್ಕಿ ಬಿಸಿಯಾಗಿ ಸೋಲುತ್ತೆ, ಪೂರ್ತಿ ಕೂರುವುದೂ ಇಲ್ಲ ಅಂತ ಮೂರು ಸಲ ಹೇಳಿದ್ದರು. ಬೈಯಲಿಲ್ಲ. ಒಂದು ನಿಮಿಷ ಬಿಟ್ಟು ಕತ್ತಲಲ್ಲೇ ನಗಲು ಶುರುಮಾಡಿದರು. "ಕಣ್ಣಿದ್ದವನನ್ನು ಕರೆದುಕೊಂಡು ಬಂದೆನಲ್ಲ!"

ಇಷ್ಟೂ ಯಾಕೆ ಬರೆದೆ ಅಂದರೆ, ಅಪ್ಪಯ್ಯ, ನಾನು ತಪ್ಪು ಮಾಡಿದೆ. ಮೆಟ್ಟಿಲು ತಪ್ಪಿತು ಅಂದರೆ ಮೆಟ್ಟಿಲಿಗೆ ಏನಾದರೂ ಮಾಡಬೇಕಿತ್ತು. ನಾನು ಹೊಳೆಯನ್ನೇ ಬಿಡಿಸಿದೆ.

ಈಗ ತುಂಗೆ ತುಂಬಿ ಹರಿಯುತ್ತಿರುತ್ತಾಳೆ, ಈಗ ಬೇಡವೇ ಬೇಡ. ದೀಪಾವಳಿ ಕಳೆದು ನೀರು ತಿಳಿಯಾಗಲಿ. ಅಣ್ಣನಿಗೆ ಹೇಳಿದ್ದೇನೆ, ತೋಟದ ಕೊನೆಯ ಅಡಿಕೆ ಮರದಿಂದ ಹೊಳೆ ಕಟ್ಟೆಯವರೆಗೆ ಸೊಂಟದ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟುತ್ತಾನೆ. ಪ್ರತಿ ಮೆಟ್ಟಿಲ ಅಂಚಿಗೂ ಹಳದಿ ಬಣ್ಣ ಬಳಿಯುತ್ತಾನೆ. ಮುಸ್ಸಂಜೆಗೆ ಕೂರಬೇಡಿ, ಗ್ಲಾಕೋಮಾದವರಿಗೆ ಮಬ್ಬು ಬೆಳಕೇ ಕಷ್ಟ, ಬೆಳಿಗ್ಗೆ ಎಂಟರ ಮೇಲೆ ಹೋಗಿ. ಒಬ್ಬರೇ ಹೋಗಬೇಡಿ. ಬೆಂಡು ಕಾಣದಿದ್ದರೆ ಬೆಂಡೇ ಬೇಡ, ಕೋಲಿನ ತುದಿಗೆ ಪುಟ್ಟಿಯ ಹಳೇ ಗೆಜ್ಜೆಯಿಂದ ಒಂದು ಕಾಳು ಕಟ್ಟಿ, ಬಾಳೆಮೀನು ಕಚ್ಚಿದರೆ ಅದೇ ಕೂಗಿ ಹೇಳುತ್ತೆ. ರಾತ್ರಿಯ ಕಣ್ಣಿನ ಹನಿ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಹೋದದ್ದು ಬರೋದಿಲ್ಲ, ಇರೋದು ಉಳೀಬೇಕು.

ದರ್ಜಿ ತಂತಿಯ ಒಂದು ಡಜನ್ ಪ್ಯಾಕೆಟ್ ಕಳಿಸುತ್ತಿದ್ದೇನೆ. ಅಮ್ಮ ಅದನ್ನು ಹೊಲಿಗೆ ಡಬ್ಬಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ಪುಟ್ಟಿ, ಕೊಕ್ಕೆ ಕಟ್ಟೋ ಕೆಲಸ ಇನ್ನು ನಿನ್ನದು. ಐದು ಸುತ್ತು ಸುತ್ತಿ, ತುದಿಯನ್ನು ಮೊದಲ ಕುಣಿಕೆಯೊಳಗೆ ತೂರಿಸು. ಎಳೆಯೋ ಮುಂಚೆ ಉಗುಳು ಹಚ್ಚು. ಛೀ ಅನ್ನಬೇಡ, ಹಚ್ಚು.